ರತ್ನಗಂಬಳಿಯ ಅಡಿಹಾಸು

ರತ್ನಗಂಬಳಿ ಎಂಬ ಶಬ್ದದಲ್ಲಿ ಎರಡು ಲೋಕಗಳು ಕೂಡಿವೆ. ಕಂಬಳಿ ಕುರುಬನ ಹೆಗಲಿನದು. ರತ್ನ ಅರಸನ ಭಂಡಾರದ್ದು. ನೆಲದ ಮೇಲಣ ಉಣ್ಣೆಗೆ ಇಷ್ಟು ಗೌರವವನ್ನಿತ್ತ ನಾವು ಅದರ ಅಡಿಯಲ್ಲಿ ಏನಿದೆ ಎಂಬುದನ್ನು ಮಾತ್ರ ವಿಚಾರಿಸುವುದಿಲ್ಲ. ಆದರೆ ಹಾಸಿನ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಕಾಣದ ಅಡಿಹಾಸೇ.

ನೀರಿಗೂ ನೆಯ್ಗೆಗೂ ಇರುವ ಸಂಬಂಧ ವಿಚಿತ್ರವಾದುದು. 1949ರಲ್ಲಿ ಪುರಾತತ್ತ್ವಜ್ಞ ಸೆರ್ಗೆಯ್ ರುಡೆಂಕೊ ಅವರು ಸೈಬೀರಿಯದ ಆಲ್ಟಾಯ್ ಪರ್ವತಗಳಲ್ಲಿ, ಪಜಿರಿಕ್ ಎಂಬಲ್ಲಿಯ ಗೋರಿಯೊಂದರಿಂದ ಎರಡು ಸಾವಿರ ವರ್ಷಗಳಿಗೂ ಹಳೆಯದಾದ ರತ್ನಗಂಬಳಿಯನ್ನು ಹೊರತೆಗೆದರು. ಗೋರಿಯೊಳಕ್ಕೆ ಇಳಿದ ನೀರು ಹೆಪ್ಪುಗಟ್ಟಿದ್ದರಿಂದಲೇ ಅದು ಉಳಿದಿತ್ತು. ಹಿಮವಾಗಿ ನಿಂತ ನೀರು ಅಲ್ಲಿ ಕಾಯಿತು. ನಮ್ಮ ಮನೆಗಳಲ್ಲಿ ಹನಿಯಾಗಿ, ಆವಿಯಾಗಿ ಸುಳಿಯುವ ನೀರು ಕೊಳೆಯಿಸುತ್ತದೆ.

ಈ ನೀರು ಎರಡು ದಾರಿಗಳಿಂದ ಬರುತ್ತದೆ. ಮೊದಲನೆಯದು ಕೆಳಗಿನಿಂದ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಕಲ್ಲಿನ ಸಂದುಗಳೂ ಸಿಮೆಂಟಿನ ಸೂಕ್ಷ್ಮರಂಧ್ರಗಳೂ ಮಣ್ಣಿನ ತೇವವನ್ನು ಮೇಲೆತ್ತುತ್ತವೆ. ತೆರೆದ ನೆಲದಿಂದ ಅದು ಆರಿಹೋಗುತ್ತದೆ. ಮುಚ್ಚಿದ ನೆಲದಲ್ಲಿ ನಿಲ್ಲುತ್ತದೆ. ಪರೀಕ್ಷೆ ಸುಲಭ. ಸುಮಾರು 45 ಸೆಂಟಿಮೀಟರ್ ಚೌಕದ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಮುಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಅಡಿಯಲ್ಲಿ ಹನಿ ಕಟ್ಟಿದರೆ, ಇಲ್ಲವೇ ನೆಲ ಕಪ್ಪಾಗಿದ್ದರೆ, ಅಲ್ಲಿ ಹಾಸನ್ನು ಖಾಯಮಾಗಿ ಬಿಗಿಯಲಾಗದು. ಒದ್ದೆ ನೆಲವನ್ನು ವಾಸಿಮಾಡುವ ಅಡಿಹಾಸು ಯಾವುದೂ ಇಲ್ಲ. ಮಲೆನಾಡು, ಕರಾವಳಿಗಳ ತಳಮನೆಗಳಿಗೆ ನವಲಗುಂದದ ಹತ್ತಿಯ ಜಮಖಾನೆಯಂತಹ, ಎತ್ತಿ ಬಿಸಿಲಿಗೆ ಹರಡಬಹುದಾದ ಹಾಸೇ ವಿವೇಕದ ಆಯ್ಕೆ.

ನೆಲ ಒಣಗಿದ್ದರೆ ಆಯ್ಕೆಯ ಮಾತು. ಉಣ್ಣೆ, ಕೂದಲುಗಳನ್ನು ಒತ್ತಿ ಮಾಡಿದ ನಮದೆ ಗಟ್ಟಿಯಾದುದು, ಆವಿಯನ್ನು ಹಾಯಗೊಡುತ್ತದೆ, ಭಾರವಾದ ಬೀರುಗಳನ್ನು ತಾಳುತ್ತದೆ. ಸೆಣಬಿನದು ಅಗ್ಗ, ಆದರೆ ನೆನೆದರೆ ನಾರುತ್ತದೆ, ಕಂದು ಕಲೆ ಬಿಡುತ್ತದೆ. ರಬ್ಬರು ಮತ್ತು ಫೋಮು ಕಾಲಿಗೆ ಹಿತ. ಹಾಗೆಂದು ದಪ್ಪವಾದಷ್ಟೂ ಒಳ್ಳೆಯದೆಂಬುದು ತಪ್ಪು ಎಣಿಕೆ. ಸುಮಾರು 11 ಮಿಲಿಮೀಟರ್ ಮೀರಿದ ಮೆದು ಹಾಸಿನ ಮೇಲೆ ಪ್ರತಿ ಹೆಜ್ಜೆಗೂ ಗಂಬಳಿಯ ಬೆನ್ನು ಬಾಗಿ, ಕಾಲಕ್ರಮದಲ್ಲಿ ಮುರಿಯುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಪ್ರತಿರೋಧ ತೋರಿ, ಬಿಟ್ಟೊಡನೆ ಏಳುವಂಥದು ಉತ್ತಮ. ಮೇಲ್ಮೈಗೆ ತೆಳುಪೊರೆಯನ್ನು ಅಂಟಿಸಿದ ಅಡಿಹಾಸುಗಳೂ ದೊರೆಯುತ್ತವೆ. ಚೆಲ್ಲಿದ್ದು ಕೆಳಗಿಳಿಯದಂತೆ ಈ ಪೊರೆ ತಡೆಯುತ್ತದೆ ನಿಜ. ನೆಲದ ಆವಿಯನ್ನೂ ಅದು ತಡೆಯುತ್ತದೆಯಾದ್ದರಿಂದ ಒಣನೆಲಕ್ಕೆ ಮಾತ್ರ ತಕ್ಕುದು.

ಎರಡನೆಯ ದಾರಿ ಮೇಲಿನದು: ಉರುಳಿದ ಲೋಟ, ಮಗುವಿನ ಹಾಲು, ಸಾರಿನ ಬಟ್ಟಲು. ಆಗ ನಾವು ತಿಕ್ಕುತ್ತೇವೆ. ತಿಕ್ಕಿದರೆ ಕಲೆ ಹರಡಿ ಒಳಕ್ಕಿಳಿಯುತ್ತದೆ. ಬಿಳಿಯ ಹತ್ತಿಬಟ್ಟೆಯಿಂದ ಅಂಚಿನಿಂದ ನಡುವಿನೆಡೆಗೆ ಒತ್ತಿ ಹೀರಿಸಬೇಕು. ಬಳಿಕ ಸ್ವಲ್ಪವೇ ತಣ್ಣೀರು, ಮತ್ತೆ ಒತ್ತುವುದು. ಹಾಲಿಗೆ ಬಿಸಿನೀರು ಸಲ್ಲದು. ಅದರ ಸಸಾರಜನಕ ನಾರಿಗೆ ಕಚ್ಚಿಕೊಳ್ಳುತ್ತದೆ. ಅರಿಸಿನದ ಕಲೆಗೆ ಸೋಪು ಹಾಕಿದರೆ ಕೆಂಪೇರುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವವರಿಗೆ ಇದರ ಗುಟ್ಟು ತಿಳಿದದ್ದೇ. ಬಟ್ಟೆಯನ್ನು ಬೆಳ್ಳಗಾಗಿಸುವ ಕ್ಲೋರಿನ್ ದ್ರಾವಣವಂತೂ ಉಣ್ಣೆಯನ್ನೇ ತಿಂದುಬಿಡುತ್ತದೆ.

ತೊಳೆದ ಕಲೆ ಎರಡು ದಿನಗಳಲ್ಲಿ ಮರಳಿ ಬಂದಿತೆಂದು ದೂರುವವರುಂಟು. ಬಂದದ್ದು ಹೊಸ ಕಲೆಯಲ್ಲ. ಅಡಿಹಾಸಿನಲ್ಲಿ ಉಳಿದ ದ್ರವ, ಮೇಲ್ಭಾಗ ಒಣಗಿದಂತೆ ನಾರುಗಳ ಮೂಲಕ ಏರಿ, ಬಣ್ಣವನ್ನು ತುದಿಯಲ್ಲಿ ಬಿಟ್ಟು ಆರಿರುತ್ತದೆ. ಒಣಬಟ್ಟೆಗಳ ಮಡಿಕೆಯ ಮೇಲೆ ಭಾರವಿಟ್ಟು ರಾತ್ರಿ ಬಿಟ್ಟರೆ, ಏರುವ ದ್ರವವನ್ನು ಆ ಬಟ್ಟೆಯೇ ಹೀರಿಕೊಳ್ಳುತ್ತದೆ.

ಬಿಂದಿಗೆ ನೀರೇ ಚೆಲ್ಲಿದ್ದರೆ ಕೈಯ ಸ್ಪರ್ಶವನ್ನು ನಂಬುವಂತಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿಯೂ ಒದ್ದೆಯೆನಿಸದು. ಮೂಲೆಯನ್ನೆತ್ತಿ, ಅಡಿಹಾಸನ್ನೂ ನೆಲವನ್ನೂ ಬೇರೆಬೇರೆಯಾಗಿ ಗಾಳಿಗೊಡ್ಡಬೇಕು. 24ರಿಂದ 48 ಗಂಟೆಗಳೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯುವುದು. ಚರಂಡಿಯ ನೀರು ಹೊಕ್ಕ ಅಡಿಹಾಸನ್ನು ಮರುಗದೆ ಎಸೆಯಬೇಕು.

ಇಷ್ಟು ಎಚ್ಚರಿಕೆ ಕೇವಲ ಅಂದಕ್ಕಾಗಿ ಅಲ್ಲ. ಅಂಬೆಗಾಲಿಡುವ ಕೂಸು ಉಸಿರಾಡುವುದು ನೆಲಮಟ್ಟದ ಗಾಳಿಯನ್ನು. ಉಬ್ಬಸದ ಹಿರಿಯರಿಗೆ ಬೂಷ್ಟಿನ ಕಣವೇ ಸಂಕಟ. ಅತಿಥಿಗಳು ನೋಡುವುದು ಮೇಲಿನ ಬಣ್ಣವನ್ನು. ಮನೆಯವರು ವರ್ಷಕ್ಕೊಮ್ಮೆಯಾದರೂ, ಮಳೆಗಾಲ ಮುಗಿದೊಡನೆ, ಮೂಲೆಯೆತ್ತಿ ಕೆಳಗಿನದನ್ನೂ ನೋಡಬೇಕು.