ಸಹಿ ಹಾಕೋ ಮುಂಚೆ ಆ ಊರಿನ ಹೆಸರು ಓದಿದ್ರಾ?

ಆಫರ್ ಲೆಟರ್ ಬಂತು, ಪಿಡಿಎಫ್ ಓಪನ್ ಮಾಡಿದ್ರಿ, ಸಂಬಳ ಎಷ್ಟು ಅಂತ ನೋಡಿದ್ರಿ, ಸೀದಾ ಕೆಳಗೆ ಹೋಗಿ ಸಹಿ ಹಾಕಿದ್ರಿ. ನಾವೆಲ್ಲ ಮಾಡೋದೇ ಇದು. ಆದರೆ ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಎರಡು ಕಡೆ ಊರಿನ ಹೆಸರು ಇರುತ್ತೆ. ಇವತ್ತಿನ ಮಾತು ಅದರ ಬಗ್ಗೆನೇ.

ಮೊದಲನೆಯದು, ಸಹಿ ಪಕ್ಕದ ‘ಸ್ಥಳ’. ಅಲ್ಲಿ ಬರೆಯಬೇಕಾದ್ದು ನಿಮ್ಮ ಹುಟ್ಟೂರಲ್ಲ, ಕಂಪನಿಯ ಊರೂ ಅಲ್ಲ. ಸಹಿ ಹಾಕುವಾಗ ನೀವು ಎಲ್ಲಿದ್ದೀರೋ ಆ ಊರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಸೆಕ್ಷನ್ ಪ್ರಕಾರ, ಎದುರು ಪಾರ್ಟಿ ಇರುವ ಊರಲ್ಲಿ ಅಥವಾ ವ್ಯಾಜ್ಯದ ಕಾರಣ ಭಾಗಶಃ ಆದರೂ ಹುಟ್ಟಿದ ಊರಲ್ಲಿ ದಾವೆ ಹೂಡಬಹುದು. ಒಪ್ಪಂದ ಎಲ್ಲಿ ಆಯ್ತು ಅನ್ನೋದೂ ಈ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಅದು ಸುಮ್ಮನೆ ತುಂಬಿಸೋ ಜಾಗ ಅಲ್ಲ.

ಎರಡನೆಯದು ಇನ್ನೂ ಮುಖ್ಯ: ‘ವಿವಾದ ಬಂದರೆ ದೆಹಲಿ ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿರುತ್ತದೆ’ ಅನ್ನೋ ಥರದ ಸಾಲು. ನೀವು ಹುಬ್ಬಳ್ಳಿ ಮನೆಯಿಂದಲೇ ಕೆಲಸ ಮಾಡ್ತೀರಿ ಅಂದ್ಕೊಳ್ಳಿ. ಕಂಪನಿ ಎರಡು ತಿಂಗಳ ಸಂಬಳ ಕೊಡಲಿಲ್ಲ. ಸಿವಿಲ್ ಕೋರ್ಟಿಗೆ ಹೋಗೋಣ ಅಂದ್ರೆ ದೆಹಲಿ! ವಕೀಲರ ಫೀಸು, ಓಡಾಟ ಸೇರಿದ್ರೆ ಬಾಕಿಗಿಂತ ಖರ್ಚೇ ಜಾಸ್ತಿ. ಎಷ್ಟೋ ಜನ ಅಲ್ಲೇ ಕೈಬಿಡ್ತಾರೆ.

‘ದೆಹಲಿಯಲ್ಲಿ ಮಾತ್ರ ಅಂತ ಬರೆದಿಲ್ವಲ್ಲ’ ಅಂತ ವಾದಿಸಬಹುದಾ? 1989ರಲ್ಲಿ ಎಬಿಸಿ ಲ್ಯಾಮಿನಾರ್ಟ್ ಪ್ರಕರಣದಲ್ಲಿ ಗುಜರಾತಿನ ಕೈರಾ ಅಂತಷ್ಟೇ ಬರೆದಿತ್ತು, ‘ಮಾತ್ರ’ ಅನ್ನೋ ಅರ್ಥದ ಪದ ಇರಲಿಲ್ಲ. ತಮಿಳುನಾಡಿನ ಸೇಲಂನಲ್ಲಿ ಹಾಕಿದ್ದ ದಾವೆಯನ್ನ ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ 2013ರ ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ, ‘ಮಾತ್ರ’ ಇಲ್ಲದಿದ್ರೂ ಕೋಲ್ಕತ್ತ ಅಂತ ಬರೆದ ಮೇಲೆ ಜೈಪುರಕ್ಕೆ ಹೋಗೋ ಹಾಗಿಲ್ಲ ಅಂತು. ಅಂದ್ರೆ ಆ ಒಂದು ಪದ ಇಲ್ಲ ಅಂತ ನಂಬಿಕೊಂಡು ಕೂರಬೇಡಿ.

ಹಾಗಂತ ಕಂಪನಿ ಇಷ್ಟ ಬಂದ ಊರು ಬರೆಯೋಕಾಗಲ್ಲ. ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಊರಿನ ಕೋರ್ಟಿಗೆ ಒಪ್ಪಂದದ ಮೂಲಕ ಅಧಿಕಾರ ಕೊಡೋಕೆ ಬರಲ್ಲ. ಜಮೀನಿನ ಹಕ್ಕಿನ ವ್ಯಾಜ್ಯ ಆದ್ರೆ, ಸಾಮಾನ್ಯವಾಗಿ ಜಮೀನು ಎಲ್ಲಿದೆಯೋ ಅಲ್ಲಿನ ಕೋರ್ಟೇ.

ಇನ್ನೊಂದು ಒಳ್ಳೆ ಸುದ್ದಿ. ಆನ್‌ಲೈನಲ್ಲಿ ತಗೊಂಡ ಫೋನು ಕೆಟ್ಟಿದ್ರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಹಾಗಾದ್ರೆ ಏನು ಮಾಡಬೇಕು? ಸಹಿಗೆ ಮುಂಚೆ ಪಿಡಿಎಫ್‌ನಲ್ಲಿ ‘ಜ್ಯೂರಿಸ್‌ಡಿಕ್ಷನ್’ ಅಂತ ಸರ್ಚ್ ಮಾಡಿ. ದೂರದ ಊರಿದ್ರೆ, ‘ನಾನು ಕೆಲಸ ಮಾಡೋ ಊರನ್ನೂ ಸೇರಿಸಿ’ ಅಂತ ಇಮೇಲ್‌ನಲ್ಲಿ ಕೇಳಿ. ಒಪ್ಪದೇ ಇರಬಹುದು. ಆದ್ರೆ ಕೇಳೋಕೆ ಆಗೋದು ಸಹಿಗೆ ಮುಂಚೆನೇ.