ಮಧುಮೇಹಿ ಮಕ್ಕಳೂ ಮೈಮೇಲಿನ ಮಾಪಕವೂ

'ಮಧು' ಎಂದರೆ ಜೇನು, 'ಮೇಹ' ಎಂದರೆ ಮೂತ್ರ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆಯು ಈ ವ್ಯಾಧಿಯ ಮುನ್ಸೂಚನೆಗಳಲ್ಲಿ ಒಂದಾಗಿ ಗುರುತಿಸಿದೆ. ಲಕ್ಷಣವನ್ನು ನಮ್ಮ ಪ್ರಾಚೀನರು ಅಂದೇ ಕಂಡಿದ್ದರೂ, ರಕ್ತದ ಸಕ್ಕರೆಯ ಏರಿಳಿತವನ್ನು ಹಗಲಿರುಳೂ ಅರಿಯುವ ಉಪಾಯವು ದೊರೆತದ್ದು ತೀರ ಈಚೆಗೆ. ಮೈಮೇಲೆ ಧರಿಸುವ ಆ ಸಾಧನದ ಪರಿಚಯವು ಮಕ್ಕಳನ್ನು ಸಲಹುವ ವಿದ್ಯಾಸಂಸ್ಥೆಗಳಿಗೆ ಇಂದು ಅವಶ್ಯವಾಗಿದೆ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಉತ್ಪಾದಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಅದನ್ನು ಮೊದಲು ಚುಚ್ಚಲಾಯಿತು. ಅಂದಿನಿಂದ ಇಂಥ ಮಕ್ಕಳಿಗೆ ಆಯುಷ್ಯವು ದೊರೆಯಿತು. ಆದರೆ ಪ್ರಮಾಣ ತಪ್ಪಿದರೆ ಆ ಸಂಜೀವಿನಿಯೇ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಲ್ಲದು. ಆದುದರಿಂದ ದಿನಕ್ಕೆ ಹಲವು ಬಾರಿ ಬೆರಳು ಚುಚ್ಚಿ ಪರೀಕ್ಷಿಸುವ ಕಷ್ಟವು ಉಳಿದೇ ಇತ್ತು.

ಈ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿದ್ದು ನಾಣ್ಯದಷ್ಟು ಅಗಲದ ಒಂದು ಮಾಪಕ. ಅದನ್ನು ತೋಳಿನ ಹಿಂಬದಿಗೆ ಅಂಟಿಸುತ್ತಾರೆ. ಕೂದಲೆಳೆಯಂಥ ಅದರ ತಂತುವು ಚರ್ಮದ ಅಡಿಯಲ್ಲಿ, ಜೀವಕೋಶಗಳ ನಡುವಣ ದ್ರವದಲ್ಲಿರುತ್ತದೆ. ತಂತುವಿಗೆ ಲೇಪಿಸಿದ ಕಿಣ್ವವು ಸಕ್ಕರೆಯೊಡನೆ ವರ್ತಿಸಿದಾಗ ಹುಟ್ಟುವ ಸೂಕ್ಷ್ಮ ವಿದ್ಯುತ್ತನ್ನು ಅಳೆದು, ಆ ಅಂಕಿಯನ್ನು ಮೊಬೈಲಿಗೆ ಕಳುಹಿಸುತ್ತದೆ. ಐದು ನಿಮಿಷಕ್ಕೊಮ್ಮೆ ಅಳೆದರೂ ದಿನಕ್ಕೆ 288 ಅಂಕಿಗಳಾದವು! ಅಂಕಿಯ ಪಕ್ಕದ ಬಾಣದ ಗುರುತು ಸಕ್ಕರೆಯು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ತಿಳಿಸುತ್ತದೆ. ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕಡಿಮೆಯಾದರೆ ಎಚ್ಚರಿಕೆಯ ಗಂಟೆ ಮೊಳಗುತ್ತದೆ. ಈ ಮಾಪಕದ ಮಾತನ್ನು ಕೇಳಿ ತಾನಾಗಿಯೇ ಇನ್ಸುಲಿನ್ನನ್ನು ಹೆಚ್ಚುಕಡಿಮೆ ಮಾಡುವ ಪಂಪಿಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೂ ಊಟದ ಪ್ರಮಾಣವನ್ನು ಅದಕ್ಕೆ ಧರಿಸಿದವರೇ ತಿಳಿಸಬೇಕು.

ಸಾಧನಕ್ಕೂ ಮಿತಿಯುಂಟು. ಅದು ತೋರುವ ಅಂಕಿಯು ರಕ್ತದ ಸ್ಥಿತಿಗಿಂತ ಕೆಲವು ನಿಮಿಷ ಹಿಂದಿರುತ್ತದೆ. ಅಂಕಿಗೂ ಮಗುವಿನ ಸ್ಥಿತಿಗೂ ಹೊಂದಿಕೆಯಾಗದಿದ್ದರೆ ಬೆರಳಿನ ಪರೀಕ್ಷೆಯೇ ಪ್ರಮಾಣ. ಚರ್ಮವನ್ನು ಚುಚ್ಚದೆಯೇ ಸಕ್ಕರೆಯನ್ನು ಅಳೆಯುವುದಾಗಿ ಹೇಳಿಕೊಳ್ಳುವ ಕೈಗಡಿಯಾರ, ಉಂಗುರಗಳನ್ನು ನಂಬಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ.

ಇನ್ನು ನಮ್ಮ ಹೊಣೆ. ತರಗತಿಯಲ್ಲಿ ಮೊಬೈಲ್ ನಿಷಿದ್ಧವೆಂಬ ನಿಯಮವು ಒಳ್ಳೆಯದೇ. ಆದರೆ ಈ ಮಗುವಿಗೆ ಅದು ಆಟಿಕೆಯಲ್ಲ, ಪ್ರಾಣರಕ್ಷಕ. ಇನ್ಸುಲಿನ್ ತೆಗೆದುಕೊಂಡ ಮಗುವನ್ನು ಪ್ರಸಾದನಿಲಯದ ಪಂಕ್ತಿಯಲ್ಲಿ ಕಾಯಿಸಬಾರದು. ಗಂಟೆ ಮೊಳಗಿದರೆ, ಪರೀಕ್ಷೆಯ ವೇಳೆಯಾದರೂ ಸರಿಯೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ರಾತ್ರಿಯ ಗಂಟೆಗೆ ಮಗು ಏಳದಿದ್ದರೆ ಓಗೊಡಲು ಮೇಲ್ವಿಚಾರಕರು ಇರಬೇಕು.

ದಾನಿಗಳಲ್ಲಿ ಒಂದು ಬಿನ್ನಹ. ಈ ಮಾಪಕವು ಸಾಮಾನ್ಯವಾಗಿ 10ರಿಂದ 15 ದಿನಗಳಲ್ಲಿ ಮುಗಿಯುತ್ತದೆ. ಮತ್ತೆ ಹೊಸದನ್ನೇ ಕೊಳ್ಳಬೇಕು. ಬಡ ಕುಟುಂಬಕ್ಕೆ ಇದು ನಿಲುಕದ ವೆಚ್ಚ. ಒಮ್ಮೆ ಕೊಂಡುಕೊಟ್ಟು ಮರೆಯುವ ದಾನದಿಂದ ಇಲ್ಲಿ ಪ್ರಯೋಜನವಿಲ್ಲ. ವರ್ಷವರ್ಷವೂ ಬಡ್ಡಿ ತರುವ ದತ್ತಿನಿಧಿಯೊಂದು ಏರ್ಪಟ್ಟರೆ ಮಗುವಿನ ತೋಳು ಬರಿದಾಗದು. ಅನ್ನ, ಅಕ್ಷರ, ಆಶ್ರಯಗಳನ್ನಿತ್ತ ದಾಸೋಹ ಪರಂಪರೆಗೆ ಆರೋಗ್ಯವೂ ಹೊರತಲ್ಲ.