ನಮ್ಮ ಕಡಲಿಗೆ ತಿಮಿಂಗಿಲ ಬರುವ ಕಾಲ

ನಮ್ಮ ಓಮಲೂರಿನಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಕಡಲನ್ನು ಕಾಣಲು ನೂರು ಮೈಲಿಗೂ ಹೆಚ್ಚು ದಾರಿ ಸವೆಸಬೇಕು. ಸರಬಂಗಾ ಹೊಳೆಯನ್ನೂ ಮೇಟ್ಟೂರು ಅಣೆಕಟ್ಟನ್ನೂ ಕಂಡವರಿಗೆ ತಿಮಿಂಗಿಲದ ಮಾತೇಕೆ ಎಂದು ಪೋಷಕರು ಕೇಳಬಹುದು. ಇದಕ್ಕೆ ಕಾರಣ ಎಂಟನೆಯ ತರಗತಿಯ ಹುಡುಗನೊಬ್ಬ. "ಸಾರ್, ತಿಮಿಂಗಿಲ ನಮ್ಮ ಕಡಲಲ್ಲಿ ವರ್ಷವೆಲ್ಲಾ ಇರುತ್ತಾ, ಇಲ್ಲಾ ಕೊಕ್ಕರೆ ಥರ ಬಂದು ಹೋಗುತ್ತಾ?" ಎಂದು ಅವನು ಪಾಠದ ನಡುವೆ ಕೇಳಿದ. ಪ್ರಶ್ನೆ ಚಿಕ್ಕದು. ಉತ್ತರವನ್ನು ಒಂದು ವಾಕ್ಯದಲ್ಲಿ ಹೇಳಲು ನನ್ನಿಂದ ಆಗಲಿಲ್ಲ.

ತಿಮಿಂಗಿಲ ಮೀನಲ್ಲ, ಹಸುವಿನಂತೆ ಮರಿಗೆ ಹಾಲೂಡುವ ಪ್ರಾಣಿ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಹಸುವಿನಂತೆಯೇ ಅದೂ ಮೇವಿರುವ ಕಡೆಗೆ ಹೋಗುತ್ತದೆ. ಬೇರೆ ಸಾಗರಗಳಲ್ಲಿ ಗೂನುಬೆನ್ನಿನ ತಿಮಿಂಗಿಲವು ಬೇಸಿಗೆಯಲ್ಲಿ ಧ್ರುವದ ಕಡೆಯ ತಣ್ಣೀರಿಗೆ ಹೋಗಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಬೆಚ್ಚನೆಯ ಕಡಲಿಗೆ ಬಂದು ಮರಿ ಹಾಕುತ್ತದೆ. ಆದರೆ ನಮ್ಮ ಅರಬ್ಬೀ ಸಮುದ್ರದ ಉತ್ತರಕ್ಕೆ ಏಷ್ಯಾ ಖಂಡದ ನೆಲವೇ ಅಡ್ಡವಾಗಿ ನಿಂತಿದೆ. ಉತ್ತರ ಧ್ರುವದ ಕಡೆಗೆ ಇಲ್ಲಿಂದ ದಾರಿಯಿಲ್ಲ. ಹಾಗಾದರೆ ಇಲ್ಲಿಯ ತಿಮಿಂಗಿಲಗಳಿಗೆ ಮೇವು ಎಲ್ಲಿಂದ?

ಮುಂಗಾರಿನಿಂದ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯ ಮಾರುತವು ಸೋಮಾಲಿಯಾ ಮತ್ತು ಅರೇಬಿಯಾ ತೀರಗಳ ಮೇಲ್ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಭೂಮಿ ತಿರುಗುವುದೂ ಇದಕ್ಕೆ ನೆರವಾಗುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಮೇಲೇರಿ ಬರುತ್ತದೆ. ಕೆರೆಯ ತಳದ ಗೋಡಿನಂತೆ ಅದರಲ್ಲಿ ಸಸ್ಯಕ್ಕೆ ಬೇಕಾದ ಸಾರವಿದೆ. ಬಿಸಿಲು ತಾಗಿದೊಡನೆ ಕಣ್ಣಿಗೆ ಕಾಣದಷ್ಟು ಚಿಕ್ಕ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ತಿಂದು ಕ್ರಿಲ್ ಎಂಬ ಸೀಗಡಿಯಂಥ ಜೀವಿ ಹೆಚ್ಚುತ್ತದೆ, ಮೀನೂ ಹೆಚ್ಚುತ್ತದೆ. ಕೇರಳ ಮತ್ತು ದಕ್ಷಿಣ ಕರ್ನಾಟಕದ ತೀರದಲ್ಲಿಯೂ ಇದೇ ಕೆಲಸ ಸ್ವಲ್ಪ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಮಂಗಳೂರಿನವರು ಬೂತಾಯಿ ಎಂದೂ ನಮ್ಮ ಸಂತೆಯಲ್ಲಿ ಮತ್ತಿ ಎಂದೂ ಕರೆಯುವ ಮೀನು ಅಲ್ಲಿ ರಾಶಿ ರಾಶಿಯಾಗಿ ಸಿಗುವುದು ಇದರಿಂದಲೇ. ನಮ್ಮ ಹೊಲಕ್ಕೆ ಮಳೆ ತರುವ ಗಾಳಿಯೇ ತಿಮಿಂಗಿಲಕ್ಕೂ ಅನ್ನ ಕೊಡುತ್ತದೆ.

ಈ ವಿಷಯ ಜಗತ್ತಿಗೆ ಖಚಿತವಾದ ಬಗೆ ಮಾತ್ರ ದುಃಖಕರ. 1966ರ ನವೆಂಬರ್‌ನಲ್ಲಿ ಸೋವಿಯತ್ ಬೇಟೆ ಹಡಗುಗಳು ಅರಬ್ಬೀ ಸಮುದ್ರಕ್ಕೆ ಬಂದು ಓಮನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಆಚೆಯ ನೀರಿನಲ್ಲಿ ಗೂನುಬೆನ್ನಿನ ತಿಮಿಂಗಿಲಗಳನ್ನು ಕಾನೂನಿಗೆ ವಿರುದ್ಧವಾಗಿ ಕೊಂದವು. ಹಿಂದಿನ ವರ್ಷದ ಕೆಲವನ್ನೂ ಸೇರಿಸಿದರೆ ಒಟ್ಟು 242. ಲೆಕ್ಕ ಮೂವತ್ತು ವರ್ಷ ಗುಟ್ಟಾಗಿಯೇ ಇತ್ತು. ಮಿಖಾಲೆವ್ ಎಂಬ ವಿಜ್ಞಾನಿ 1997ರಲ್ಲಿ ಅದನ್ನು ಪ್ರಕಟಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಸತ್ತ ಪ್ರಾಣಿಗಳ ಹೊಟ್ಟೆಯಲ್ಲಿ ಕ್ರಿಲ್ ಮತ್ತು ಮೀನು ತುಂಬಿತ್ತು, ಎಂದರೆ ಅವು ಇಲ್ಲಿಯೇ ಮೇಯುತ್ತಿದ್ದವು. ಗರ್ಭದಲ್ಲಿದ್ದ ಮರಿಗಳ ಅಳತೆ ನೋಡಿದರೆ ಅವು ದಕ್ಷಿಣ ಧ್ರುವದ ಕಡೆಯಿಂದ ಬಂದ ನೆಂಟರಲ್ಲ, ಇಲ್ಲಿಯೇ ನೆಲೆಸಿದ ಕುಲ. 2000ರಿಂದ 2004ರವರೆಗೆ ಓಮನ್ ತೀರದಲ್ಲಿ ಬಾಲದ ಗುರುತುಗಳ ಛಾಯಾಚಿತ್ರ ತೆಗೆದು ಎಣಿಸಿದವರಿಗೆ ಸಿಕ್ಕ ಅಂದಾಜು ಎಷ್ಟು ಗೊತ್ತೆ? ಕೇವಲ 82. ನಮ್ಮ ಶಾಲೆಯ ಎರಡು ತರಗತಿಗಳ ಹಾಜರಿ!

ಆ ಕುಲದ ಲುಬಾನ್ ಎಂಬ ಹೆಣ್ಣಿಗೆ 2017ರಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಉಪಕರಣವನ್ನು ಅಂಟಿಸಿದರು. ಅದು ಓಮನ್ ಬಿಟ್ಟು ಕಡಲನ್ನು ಅಡ್ಡ ದಾಟಿ, ಗೋವೆಯ ಸಮೀಪಕ್ಕೆ ಬಂದು, ತೀರದುದ್ದಕ್ಕೂ ತೆಂಕಣಕ್ಕೆ ಕನ್ಯಾಕುಮಾರಿಯ ಕಡೆಗೆ ಸಾಗಿತು. ಅದು ಹೋದದ್ದು ಚಳಿಗಾಲದಲ್ಲಿ.

ನೀಲಿ ತಿಮಿಂಗಿಲದ್ದು ಬೇರೆ ಲೆಕ್ಕ. ಮುಂಗಾರಿನಲ್ಲಿ ಅದು ಅರೇಬಿಯಾ-ಸೋಮಾಲಿಯಾ ಕಡೆ ಮೇಯುತ್ತದೆ. ಡಿಸೆಂಬರ್-ಜನವರಿಯ ಹೊತ್ತಿಗೆ ಕೆಲವು ಮಾಲ್ಡೀವ್ಸ್ ದಾಟಿ ಶ್ರೀಲಂಕಾ ಕಡೆಗೆ ಬರುತ್ತವೆ, ಏಪ್ರಿಲ್-ಮೇ ತಿಂಗಳಲ್ಲಿ ಮರಳುತ್ತವೆ ಎಂದು 2012ರಲ್ಲಿ ಆಂಡರ್ಸನ್ ಮತ್ತು ಸಂಗಡಿಗರು ಊಹಿಸಿದರು. ಆಮೇಲೆ ಲಕ್ಷದ್ವೀಪದ ಕವರತ್ತಿಯ ಬಳಿ ನೀರೊಳಗೆ ಧ್ವನಿಗ್ರಾಹಕ ಇಟ್ಟಾಗ ನೀಲಿ ತಿಮಿಂಗಿಲದ ಹಾಡು ಕೇಳಿಬಂತು. ಹೆಚ್ಚಾಗಿ ಕೇಳಿದ್ದು ಏಪ್ರಿಲ್-ಮೇ ತಿಂಗಳಲ್ಲೇ. ಊಹೆಗೂ ಹಾಡಿಗೂ ಹೊಂದಿಕೆಯಾಯಿತು. ಬ್ರೈಡ್ ತಿಮಿಂಗಿಲವೆಂಬ ಇನ್ನೊಂದು ಜಾತಿಯು ಬೆಚ್ಚನೆಯ ನೀರನ್ನೇ ನಂಬಿ ಬಾಳುತ್ತದೆ; ಧ್ರುವದ ಗೊಡವೆ ಅದಕ್ಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕರ್ನಾಟಕದಲ್ಲಿ ಜೂನ್, ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಕಡಲೂ ಆಗ ಉಗ್ರವಾಗಿರುತ್ತದೆ. ದೋಣಿಯೇ ಇಲ್ಲದಾಗ ತಿಮಿಂಗಿಲವನ್ನು ನೋಡುವವರು ಯಾರು? ಆದ್ದರಿಂದ ಆ ತಿಂಗಳ ಪಟ್ಟಿಯಲ್ಲಿ ತಿಮಿಂಗಿಲ ಕಡಿಮೆ ಇದ್ದರೆ ಕಡಲಿನಲ್ಲಿಯೂ ಕಡಿಮೆ ಎಂದು ತೀರ್ಮಾನಿಸಬಾರದು. ಕಂಡದ್ದರ ಎಣಿಕೆ ಬೇರೆ, ಇರುವುದರ ಎಣಿಕೆ ಬೇರೆ. ಪರೀಕ್ಷೆಯಲ್ಲಿ ಈ ತಪ್ಪು ಮಾಡುವವರು ಮಕ್ಕಳು ಮಾತ್ರವಲ್ಲ.

ದಡಕ್ಕೆ ಬಿದ್ದ ತಿಮಿಂಗಿಲಗಳ ಲೆಕ್ಕವೂ ಹಾಗೆಯೇ. ನಮ್ಮ ತಮಿಳುನಾಡಿನ ತೂತ್ತುಕುಡಿ ತೀರದಲ್ಲಿ 1973ರ ಜನವರಿಯಲ್ಲಿ 147 ಪೈಲಟ್ ತಿಮಿಂಗಿಲಗಳು ದಡ ಸೇರಿದವು. 2016ರ ಜನವರಿಯಲ್ಲಿ ಅದೇ ತೀರದ ತಿರುಚ್ಚೆಂದೂರು-ಮಣಪ್ಪಾಡು ಬಳಿ 80ಕ್ಕೂ ಹೆಚ್ಚು ಬಂದು ಬಿದ್ದವು. ಮೀನುಗಾರರು ಇರುಳಿನಲ್ಲಿ ನೀರಿಗಿಳಿದು ಅವನ್ನು ಆಳಕ್ಕೆ ಎಳೆದರು, ತಳ್ಳಿದರು. ಕೆಲವು ಮತ್ತೆ ದಡಕ್ಕೇ ತಿರುಗಿದವು. ಇವು ಗುಂಪು ಬಿಡದ ಪ್ರಾಣಿಗಳು. ಮುಂದಿನದು ದಾರಿ ತಪ್ಪಿದರೆ ಹಿಂದಿನವೂ ತಪ್ಪುತ್ತವೆ. ಎರಡು ಸಲವೂ ಜನವರಿ ಎಂಬುದು ನಿಜ. ಆದರೆ ನಲವತ್ಮೂರು ವರ್ಷದಲ್ಲಿ ಎರಡು ಘಟನೆ ನಿಯಮವಾಗದು.

ಆ ಹುಡುಗನಿಗೆ ಕೊನೆಗೆ ನಾನು ಹೇಳಿದ್ದು ಇಷ್ಟು: ಕೆಲವು ಇಲ್ಲಿಯವೇ, ಕೆಲವು ದಾರಿಹೋಕರು. ಅವನು ಸುಮ್ಮನಾಗಲಿಲ್ಲ. "ಹಾಗಾದರೆ ಮಳೆ ತಪ್ಪಿದ ವರ್ಷ ಅವು ಏನು ತಿಂತಾವೆ ಸಾರ್?" ಎಂದ.